ಕೆಂಪುಕೋಟೆಯ ಬ್ಯಾರಕ್ ಕೆಡವಬೇಕೆ?



ಪ್ರತಿ ವರ್ಷ ಆಗಸ್ಟ್ 15ರಂದು ಪ್ರಧಾನಮಂತ್ರಿಗಳು ದೆಹಲಿಯ ಕೆಂಪುಕೋಟೆಯಲ್ಲಿ ಬಾವುಟ ಹಾರಿಸುವುದನ್ನು ನಾವು ಟಿ.ವಿ.ಯಲ್ಲಿ ನೋಡುತ್ತೇವೆ. ಆ ಕೋಟೆಗೋಡೆಯ ಹಿಂದೆ ಬ್ರಿಟಿಷರು ಕಟ್ಟಿಸಿದ ಕಲ್ಲಿನ ಬ್ಯಾರಕ್‌ಗಳಿವೆ. ಬ್ಯಾರಕ್ ಅಂದರೆ ಸಿಪಾಯಿಗಳು ವಾಸ ಮಾಡುವ ಉದ್ದನೆಯ ಕಟ್ಟಡ.

ಈ ಕೋಟೆಯನ್ನು ಷಹಜಹಾನ್ 1639ರಿಂದ 1648ರವರೆಗೆ ಕಟ್ಟಿಸಿದನು. 1857ರ ದಂಗೆಯ ಮೇಲೆ ಬ್ರಿಟಿಷರು ಕೊನೆಯ ಬಾದಶಹ ಬಹದ್ದೂರ್ ಷಾನನ್ನು ಅವನ ಕೋಟೆಯಲ್ಲೇ ವಿಚಾರಣೆ ಮಾಡಿ ರಂಗೂನಿಗೆ ಗಡೀಪಾರು ಮಾಡಿದರು. ಒಳಗಿದ್ದ ಎಷ್ಟೋ ಅರಮನೆಗಳನ್ನು, ತೋಟಗಳನ್ನು ಹಾಳುಮಾಡಿ ಆ ಜಾಗದಲ್ಲಿ ಬ್ಯಾರಕ್ ಎಬ್ಬಿಸಿದರು. ಇದನ್ನು ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತೆ. "ಅವರು ನಮ್ಮದು ಕೆಡವಿದರು, ನಾವು ಅವರದು ಕೆಡವೋಣ" ಅಂತ ನಮ್ಮ ತರಗತಿಯಲ್ಲೇ ಕೆಲವರು ಹೇಳುತ್ತಾರೆ.

ನಾನು ಇದನ್ನು ಒಪ್ಪುವುದಿಲ್ಲ. ನಮ್ಮ ಬಣವೆ ಸುಟ್ಟವನ ಬಣವೆಗೆ ನಾವೂ ಬೆಂಕಿ ಇಟ್ಟರೆ ನಮ್ಮ ಹುಲ್ಲು ವಾಪಸು ಬರುತ್ತಾ? ಬ್ಯಾರಕ್ ಕೆಡವಿದರೆ ಅರಮನೆ ಬರಲ್ಲ, ಬರೀ ಬಯಲು ಉಳಿಯುತ್ತೆ. ಅರಮನೆ ಕೆಡವಿದವರು ಯಾರು ಅಂತ ಹೇಳುವ ಸಾಕ್ಷಿಯೂ ಹೋಗುತ್ತೆ.

ಇನ್ನೊಂದು ಮಾತು. 1945ರ ನವೆಂಬರಿನಲ್ಲಿ ಇದೇ ಕೋಟೆಯೊಳಗೆ ಆಜಾದ್ ಹಿಂದ್ ಫೌಜಿನ ಷಾನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಇವರ ಮೇಲೆ ಬ್ರಿಟಿಷರು ಮೊಕದ್ದಮೆ ನಡೆಸಿದರು. ಒಬ್ಬರು ಮುಸಲ್ಮಾನರು, ಒಬ್ಬರು ಹಿಂದೂ, ಒಬ್ಬರು ಸಿಖ್ಖರು. ಭೂಲಾಭಾಯಿ ದೇಸಾಯಿಯವರು ಅವರ ಪರವಾಗಿ ವಾದಿಸಿದರು. ನೆಹರೂ ಅವರೂ ವಕೀಲರ ಕರೀ ಕೋಟು ಹಾಕಿಕೊಂಡು ಬಂದರು. ಜೀವಾವಧಿ ಗಡೀಪಾರು ಅಂತ ತೀರ್ಪಾಯಿತು. ಆದರೆ ದೇಶದ ಜನ ಎಷ್ಟು ಜೋರಾಗಿ ಎದ್ದು ನಿಂತಿದ್ದರೆಂದರೆ, 1946ರ ಜನವರಿಯಲ್ಲಿ ಆ ಶಿಕ್ಷೆ ರದ್ದುಮಾಡಿ ಮೂವರನ್ನೂ ಬಿಡಲೇಬೇಕಾಯಿತು!

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸೈನ್ಯವೇ 2003ರವರೆಗೆ ಕೋಟೆಯಲ್ಲಿತ್ತು. 2019ರಲ್ಲಿ ಬ್ಯಾರಕ್‌ಗಳೊಳಗೆ ವಸ್ತುಸಂಗ್ರಹಾಲಯಗಳು ಆರಂಭವಾದವು. 1857ರ ಹೋರಾಟಕ್ಕೆ ಒಂದು, ನೇತಾಜಿ ಮತ್ತು ಅವರ ಫೌಜಿಗೆ ಒಂದು. ನಮ್ಮನ್ನು ಹೆದರಿಸಲಿಕ್ಕೆ ಕಟ್ಟಿದ ಮನೆಯಲ್ಲೇ ಹೆದರದವರ ಕಥೆ ಹೇಳುತ್ತಿದ್ದಾರೆ. ಕೆಡವುವುದಕ್ಕಿಂತ ಇದೇ ದೊಡ್ಡ ಉತ್ತರ ಅಂತ ನನ್ನ ಅಭಿಪ್ರಾಯ.

ಒಪ್ಪದವರು ಸುಮ್ಮನೆ ಕೂರಬೇಡಿ, ಮುಂದಿನ ಸಂಚಿಕೆಗೆ ಬರೆದು ಕೊಡಿ.

— ಏಳನೇ ತರಗತಿಯ ವಿದ್ಯಾರ್ಥಿನಿ