ಸಿಂಹ ತೋರಿಸಿ ಟಿಕೆಟ್ ಮಾರಿದವರು

ಉಗಾಂಡ ರೈಲ್ವೆಯದೊಂದು ಹಳೆಯ ಪೋಸ್ಟರ್ ಇದೆ, 1908ರ ಆಸುಪಾಸಿನದು. ರೈಲಿನ ಸುತ್ತ ಸಿಂಹ, ಆನೆ, ಜಿರಾಫೆಗಳ ಜಾತ್ರೆ. ಪ್ರಾಣಿಗಳೇ ಪ್ರಯಾಣಿಕರನ್ನು ನೋಡಲು ನೆರೆದಂತಿದೆ. ಕೆಳಗಿನ ಬರಹ ಸಿರಿವಂತರಿಗೆ ಚಳಿಗಾಲದ ಬಿಡಾರವನ್ನೂ ಬೇಟೆಗಾರರಿಗೆ ದೊಡ್ಡ ದೊಡ್ಡ ಮಿಕಗಳನ್ನೂ ತೋರಿಸಿ, ಅದೇ ಉಸಿರಿನಲ್ಲಿ ಜಗತ್ತಿನ ಅತಿ ದೊಡ್ಡ ವನ್ಯಮೃಗ ಮೀಸಲು ಪ್ರದೇಶವನ್ನೂ ಹೊಗಳುತ್ತದೆ.

ಹೊಗಳದೆ ವಿಧಿಯಿರಲಿಲ್ಲ. 1896ರಲ್ಲಿ ಮೊಂಬಾಸಾದಿಂದ ಹೊರಟು 1901ರಲ್ಲಿ ವಿಕ್ಟೋರಿಯಾ ಸರೋವರ ಮುಟ್ಟಿದ ಈ ಹಳಿಗೆ ಬ್ರಿಟಿಷ್ ತೆರಿಗೆದಾರರ 50 ಲಕ್ಷ ಪೌಂಡಿಗೂ ಹೆಚ್ಚು ಹಣ ಸುರಿದಾಗಿತ್ತು. ಹುಚ್ಚರ ರೈಲು ಎಂಬ ಲೇವಡಿ ಬೇರೆ. ಸಾಗಿಸಲು ಸಾಕಷ್ಟು ಸರಕಿಲ್ಲದಿದ್ದಾಗ ಶೋಕಿಯ ಬೇಟೆಗಾರ ಒಳ್ಳೆಯ ಗಿರಾಕಿ. ಪರವಾನಗಿಗೇ ಅವನು 50 ಪೌಂಡ್ ತೆರಬೇಕಿತ್ತು, ಅಂದರೆ 750 ರೂಪಾಯಿ. ಹೌದು, ಅಲ್ಲಿ ಆಗ ನಡೆಯುತ್ತಿದ್ದದ್ದು ರೂಪಾಯಿಯೇ.

ರೂಪಾಯಿಯ ಜೊತೆಗೆ ಭಾರತದಿಂದ ಕೂಲಿಗಳೂ ಹೋಗಿದ್ದರು. ಸುಮಾರು 32 ಸಾವಿರ ಜನ, ಹೆಚ್ಚಿನವರು ಪಂಜಾಬಿನ ಕಡೆಯವರು. ಸುಮಾರು 2,500 ಮಂದಿ ಅಲ್ಲೇ ಸತ್ತರು. 1898ರಲ್ಲಿ ತ್ಸಾವೋ ಸೇತುವೆಯ ಕೆಲಸದಲ್ಲಿದ್ದವರನ್ನು ಎರಡು ಸಿಂಹಗಳು ಡೇರೆಗಳಿಂದ ಎಳೆದೊಯ್ದವು. ಅವನ್ನು ಕೊಂದ ಎಂಜಿನಿಯರ್ ಪ್ಯಾಟರ್ಸನ್ ತನ್ನ ಪುಸ್ತಕದಲ್ಲಿ ಸತ್ತ ಭಾರತೀಯರ ಸಂಖ್ಯೆ 28 ಎನ್ನುತ್ತಾನೆ. ಆಫ್ರಿಕನ್ನರ ಲೆಕ್ಕವನ್ನು ಯಾರೂ ಇಡಲಿಲ್ಲ ಎಂದೂ ಬರೆಯುತ್ತಾನೆ. 1900ರಲ್ಲಿ ಕೀಮಾ ನಿಲ್ದಾಣದಲ್ಲಿ ಇನ್ನೂ ವಿಚಿತ್ರ ನಡೆಯಿತು. ನರಭಕ್ಷಕ ಸಿಂಹಕ್ಕೆ ಹೊಂಚು ಹಾಕಲು ಪೊಲೀಸ್ ಅಧಿಕಾರಿ ರಯಾಲ್ ರೈಲುಬೋಗಿಯಲ್ಲಿ ಕೋವಿ ಹಿಡಿದು ಕೂತ. ರಾತ್ರಿ ತೂಕಡಿಕೆ ಹತ್ತಿತು. ಸಿಂಹ ಜಾರುಬಾಗಿಲಿನಿಂದ ಒಳಬಂದು, ಅವನನ್ನು ಕಚ್ಚಿಕೊಂಡು ಕಿಟಕಿಯಿಂದ ಹಾರಿತು. ಜೊತೆಗಿದ್ದ ಇಬ್ಬರು ಉಳಿದರು. ಬೋಗಿಯೊಳಗೆ ನುಗ್ಗಿದ ಈ ಸಿಂಹ ಎಂಟೇ ವರ್ಷಗಳಲ್ಲಿ ಪೋಸ್ಟರಿನ ಸಾಧುಪ್ರಾಣಿಯಾದದ್ದು ಪ್ರಚಾರ ವಿಭಾಗದ ಕೈಚಳಕ.

1909ರಲ್ಲಿ ಬಂದ ಥಿಯೋಡರ್ ರೂಸ್‌ವೆಲ್ಟ್ ಈ ಪೋಸ್ಟರಿಗೆ ಹೇಳಿ ಮಾಡಿಸಿದಂಥ ಗಿರಾಕಿ. ಅಮೆರಿಕದ ಅಧ್ಯಕ್ಷಗಿರಿ ಮುಗಿಸಿ ಬಂದವನು ಎಂಜಿನ್ನಿನ ಮುಂಭಾಗದಲ್ಲೇ ಕೂತು ಪ್ರಯಾಣಿಸಿದ. ಮಗ ಕರ್ಮಿಟ್‌ನೊಡನೆ ಸೇರಿ ಹೊಡೆದದ್ದು 512 ಪ್ರಾಣಿಗಳನ್ನು. ಅದರಲ್ಲಿ ಸಿಂಹ 17, ಆನೆ 11, ಘೇಂಡಾ 20. ವಸ್ತುಸಂಗ್ರಹಾಲಯಕ್ಕಾಗಿ ಎಂಬುದು ಸಮಜಾಯಿಷಿ. ಮ್ಯೂಸಿಯಮ್ಮಿಗೆ ಮಾದರಿಗಳು ಹೋದದ್ದು ನಿಜ. ಆದರೆ ಇಪ್ಪತ್ತು ಘೇಂಡಾ ಯಾವ ಮ್ಯೂಸಿಯಮ್ಮಿಗೆ ಬೇಕಿತ್ತು?

ಈ ಹಳಿ ಹಾದುಹೋದ ಕೆನ್ಯಾ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಪೋಸ್ಟರಿನ ಮರುಮುದ್ರಣಗಳು ಮಾತ್ರ ಈಗಲೂ ಬಿಕರಿಯಾಗುತ್ತಿವೆ. ರಯಾಲ್ ಕೂತಿದ್ದ ಬೋಗಿ ನೈರೋಬಿಯ ರೈಲ್ವೆ ಮ್ಯೂಸಿಯಮ್ಮಿನಲ್ಲಿದೆ.