ಕೈಗಾದ ಬೂದಿಗೂ ಒಂದು ಆಡಿಟ್ ಬೇಕು

2019ರ ಮೊದಲ ವಾರ ನನ್ನ ಬೆಳಗಾವಿ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಒಂದೇ ಅಂಕಿ ಓಡಾಡ್ತಿತ್ತು: 962. ಕೈಗಾ ಅಣುಸ್ಥಾವರದ ಒಂದನೇ ಘಟಕ 2016ರ ಮೇ 13ರಂದು ಚಾಲೂ ಆಗಿ, 2018ರ ಡಿಸೆಂಬರ್ 31ರವರೆಗೆ ಒಮ್ಮೆಯೂ ನಿಲ್ಲದೆ 962 ದಿನ ಓಡಿತು. ಬ್ರಿಟನ್ನಿನ ಹೇಶಮ್ ಘಟಕದ 940 ದಿನಗಳ ವಿಶ್ವದಾಖಲೆ ಮುರೀತು. ತ್ರಿವರ್ಣ ಧ್ವಜ, ಕೈಮುಗಿಯುವ ಇಮೋಜಿ, 'ಹೆಮ್ಮೆಯ ಕನ್ನಡಿಗ'. ಹೆಮ್ಮೆ ಪಡೋ ಸಂಗತಿಯೇ. ಪ್ರೊಡಕ್ಷನ್ ಸರ್ವರ್ ಒಂದನ್ನು ಒಂದು ವರ್ಷ ಬೀಳದ ಹಾಗೆ ನೋಡಿಕೊಳ್ಳೋಕೇ ನಮಗೆ ಏದುಸಿರು ಬರುತ್ತೆ. ಸ್ವಂತ ಎಂಜಿನಿಯರುಗಳು, ಸ್ವಂತ ಇಂಧನ ಇಟ್ಟುಕೊಂಡು ರಿಯಾಕ್ಟರನ್ನು ಎರಡೂವರೆ ವರ್ಷ ಓಡಿಸೋದು ಸಣ್ಣ ಮಾತಲ್ಲ.

ಖಾನಾಪುರ ಕಡೆಯ ನಮ್ಮ ಊರಲ್ಲಿ ಕಾಕಾಗೆ ಈ ಸುದ್ದಿ ಓದಿ ಹೇಳಿದೆ. ಅವರು ಓದಿದ್ದು ನಾಲ್ಕನೇ ಇಯತ್ತೆ. ಪೂರ್ತಿ ಕೇಳಿಸಿಕೊಂಡು ಅಂದ್ರು: "ಅಲ್ಲೋ ತಮ್ಮಾ, ಅಷ್ಟು ದಿನ ಒಲಿ ಉರದೈತಿ ಅಂದ್ರ, ಬೂದಿ ಎಲ್ಲಿ ಹಾಕ್ಯಾರ?"

ಗ್ರೂಪಿನಲ್ಲಿದ್ದ ಇನ್ನೂರು ಜನ ಬಿ.ಇ., ಎಂ.ಟೆಕ್‌ಗಳಲ್ಲಿ ಒಬ್ಬರೂ ಕೇಳದ ಪ್ರಶ್ನೆ ಇದು. ಅದಕ್ಕೆ ಸಿಗೋ ಅರ್ಧ ಉತ್ತರವನ್ನು ಮೊದಲು ಹೇಳಿಬಿಡ್ತೀನಿ.

ಕೈಗಾದಲ್ಲಿರೋದು ಭಾರಜಲದ ರಿಯಾಕ್ಟರುಗಳು. 220 ಮೆಗಾವ್ಯಾಟಿನ ನಾಲ್ಕು ಘಟಕ. ಇವುಗಳ ವಿಶೇಷ ಏನಂದ್ರೆ, ಓಡ್ತಾ ಇರುವಾಗಲೇ ಉರಿದ ಇಂಧನದ ಕಟ್ಟನ್ನು ಹೊರಗೆ ತಳ್ಳಿ ಹೊಸದನ್ನು ಒಳಗೆ ಸೇರಿಸಬಹುದು. 962 ದಿನ ನಿಲ್ಲದೆ ಓಡೋದಕ್ಕೆ ಆಗಿದ್ದೇ ಅದರಿಂದ. ಅಂದ್ರೆ ಆ ದಿನಗಳುದ್ದಕ್ಕೂ ಉರಿದ ಇಂಧನವೂ ಹೊರಗೆ ಬರ್ತಾನೇ ಇತ್ತು. ಅದನ್ನು ಮೊದಲು ಆಳವಾದ ನೀರಿನ ತೊಟ್ಟಿಯಲ್ಲಿ ವರ್ಷಗಟ್ಟಲೆ ತಣಿಸ್ತಾರೆ. ಭಾರತದ ನೀತಿಯಲ್ಲಿ ಇದು ಕಸವಲ್ಲ, ಕಚ್ಚಾಮಾಲು. ತಾರಾಪುರ, ಕಲ್ಪಾಕ್ಕಂಗಳಲ್ಲಿ ಇಂಥ ಇಂಧನವನ್ನು ಸಂಸ್ಕರಿಸಿ ಪ್ಲುಟೋನಿಯಂ ತೆಗೀತಾರೆ. ಕೊನೆಗೆ ಉಳಿಯೋ ತೀವ್ರ ವಿಕಿರಣದ ದ್ರವವನ್ನು ಗಾಜಿನ ಜೊತೆ ಕರಗಿಸಿ, ಗಟ್ಟಿ ಮಾಡಿ, ಉಕ್ಕಿನ ಡಬ್ಬಿಯಲ್ಲಿ ಇಡ್ತಾರೆ. ಕೈಗವಸು, ಫಿಲ್ಟರು, ಬಟ್ಟೆಯಂಥ ಕಡಿಮೆ ವಿಕಿರಣದ ಕಸ ಸ್ಥಾವರದ ಆವರಣದಲ್ಲೇ ಕಾಂಕ್ರೀಟ್ ಕಂದಕಗಳಿಗೆ ಹೋಗುತ್ತೆ. ಆ ಗಾಜನ್ನು ಕೊನೆಗೆ ಎಲ್ಲಿ ಹೂಳಬೇಕು ಅನ್ನೋ ಜಾಗ ಮಾತ್ರ ನಮ್ಮ ದೇಶದಲ್ಲಿ ಇನ್ನೂ ಇಲ್ಲ. ಪ್ಲುಟೋನಿಯಂ-239ರ ಅರ್ಧಾಯುಷ್ಯ ಸುಮಾರು 24,000 ವರ್ಷ. ಹಲಸಿಯ ಕದಂಬರ ಗುಡಿಗೆ ಇನ್ನೂ ಎರಡು ಸಾವಿರ ವರ್ಷ ಆಗಿಲ್ಲ.

ಎಂಜಿನಿಯರಿಂಗ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಗಾಜಿನಲ್ಲಿ ಕಟ್ಟಿಹಾಕೋ ವಿದ್ಯೆ ಪ್ರಪಂಚದ ಕೆಲವೇ ದೇಶಗಳ ಕೈಲಿದೆ, ನಮ್ಮ ಕೈಲೂ ಇದೆ. ನನ್ನ ತಕರಾರು ಇರೋದು ಇದನ್ನು ಹೊರಗಿನವರು ಯಾರು ನೋಡ್ತಾರೆ ಅನ್ನೋದರ ಬಗ್ಗೆ.

1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಸ್ಫೋಟವಾದಾಗ ಸೋವಿಯತ್ ಸರ್ಕಾರ ಬಾಯಿ ಬಿಡಲಿಲ್ಲ. ಜಗತ್ತಿಗೆ ಗೊತ್ತಾಗಿದ್ದು ಎರಡು ದಿನದ ಮೇಲೆ, ಸುಮಾರು 1,100 ಕಿಲೋಮೀಟರ್ ದೂರದ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದಲ್ಲಿ ಕೆಲಸಗಾರನೊಬ್ಬನ ಬೂಟಿಗೆ ಅಂಟಿದ್ದ ವಿಕಿರಣಕ್ಕೆ ಅಲಾರಂ ಹೊಡೆದಾಗ. ಐದೇ ತಿಂಗಳಲ್ಲಿ ದೇಶಗಳು ಒಟ್ಟಾಗಿ, ಅಪಘಾತವಾದರೆ ತಕ್ಷಣ ಹೇಳಬೇಕು ಅನ್ನೋ ಒಪ್ಪಂದ ಮಾಡಿಕೊಂಡವು. ಭಾರತವೂ ಸಹಿ ಹಾಕಿತು. ಕೈಗಾದಿಂದ ಬೆಳಗಾವಿಗೆ ನೇರ ಗೆರೆ ಎಳೆದರೆ ಸುಮಾರು 110 ಕಿಲೋಮೀಟರ್. ಖಾನಾಪುರಕ್ಕೆ ಇನ್ನೂ ಹತ್ತಿರ. ಕೈಗಾ ಚೆರ್ನೋಬಿಲ್ ಥರದ ರಿಯಾಕ್ಟರ್ ಅಲ್ಲ, ಅದರ ಸುತ್ತ ಎರಡು ಪದರದ ಕಾಂಕ್ರೀಟ್ ಕವಚ ಇದೆ. ಆದರೂ 'ಅದು ಕಾರವಾರದವರ ವಿಷಯ' ಅನ್ನೋ ಮಾತು ಇಲ್ಲಿ ನಡೆಯಲ್ಲ. ಗಾಳಿಗೆ ಜಿಲ್ಲೆ ಗೊತ್ತಿಲ್ಲ.

ಆಮೇಲೆ ಬಂದದ್ದು ಅಣು ಸುರಕ್ಷತಾ ಒಪ್ಪಂದ. 2005ರಲ್ಲಿ ಭಾರತ ಅದನ್ನು ಅನುಮೋದಿಸಿತು. ಮೂರು ವರ್ಷಕ್ಕೊಮ್ಮೆ ನಮ್ಮ ಸ್ಥಾವರಗಳ ಬಗ್ಗೆ ವರದಿ ಬರೆದು ವಿಯೆನ್ನಾಗೆ ಕಳಿಸ್ತೀವಿ. ಬೇರೆ ದೇಶದವರು ಓದಿ ಪ್ರಶ್ನೆ ಕೇಳ್ತಾರೆ, ನಾವು ಉತ್ತರ ಕೊಡ್ತೀವಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕೋಡ್ ರಿವ್ಯೂ. 2012ರಲ್ಲಿ ರಾಜಸ್ಥಾನದ ರಾವತ್‌ಭಾಟಾ ಸ್ಥಾವರಕ್ಕೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಂಡವೇ ಬಂದು ತಪಾಸಣೆ ಮಾಡಿತು. 2015ರಲ್ಲಿ ಇನ್ನೊಂದು ತಂಡ ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯನ್ನೇ ಪರಿಶೀಲಿಸಿ, ಈ ಮಂಡಳಿಯ ಸ್ವಾತಂತ್ರ್ಯವನ್ನು ಕಾನೂನಿನಲ್ಲೇ ಬರೀರಿ ಅಂತ ಸಲಹೆ ಕೊಟ್ಟಿತು. ನಮ್ಮದೇ ಸಿಎಜಿ 2012ರಲ್ಲಿ ಇದನ್ನೇ ಹೇಳಿತ್ತು. ಅದಕ್ಕಾಗಿ 2011ರಲ್ಲಿ ಮಂಡಿಸಿದ್ದ ಮಸೂದೆ 2014ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದು ಹೋಯ್ತು. ಹೊರಗಿನವರು ಬಂದು ನೋಡಿದ್ರು, ಆಕಾಶ ಕಳಚಿ ಬೀಳಲಿಲ್ಲ. ದೇಶದ ಗುಟ್ಟೂ ರಟ್ಟಾಗಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಉರಿದ ಇಂಧನ ಮತ್ತು ವಿಕಿರಣ ತ್ಯಾಜ್ಯಕ್ಕಂತಲೇ ಬೇರೆ ಒಪ್ಪಂದ ಇದೆ. 1997ರಲ್ಲಿ ಸಿದ್ಧವಾಗಿ 2001ರಲ್ಲಿ ಜಾರಿಗೆ ಬಂತು. ಜಂಟಿ ಒಪ್ಪಂದ ಅಂತಾರೆ. ಅದರಲ್ಲೂ ಅದೇ ಪದ್ಧತಿ: ವರದಿ ಬರಿ, ಪ್ರಶ್ನೆ ಎದುರಿಸು, ಉತ್ತರ ಕೊಡು. ಎಂಬತ್ತಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಭಾರತ ಇಲ್ಲ.

ಯಾಕಿಲ್ಲ ಅಂದ್ರೆ ಎರಡು ವಾದ ಕೇಳಿಸುತ್ತೆ. ಮೊದಲನೆಯದು, ನಮಗೆ ಉರಿದ ಇಂಧನ ಸಂಪತ್ತು, ಅದನ್ನು ಕಸದ ಒಪ್ಪಂದಕ್ಕೆ ಯಾಕೆ ಸೇರಿಸಬೇಕು? ಎರಡನೆಯದು, ಇದು ರಕ್ಷಣೆಗೆ ಸಂಬಂಧಪಟ್ಟ ವಿಷಯ. ಒಪ್ಪಂದದ ಮೂರನೇ ವಿಧಿ ಓದಿದರೆ ಎರಡೂ ಕುಸಿದು ಬೀಳ್ತವೆ. ಸಂಸ್ಕರಣೆಗೆ ಅಂತ ಸಂಸ್ಕರಣಾ ಘಟಕದಲ್ಲಿ ಇಟ್ಟಿರೋ ಇಂಧನ, ಆ ದೇಶ ತಾನಾಗಿ ಸೇರಿಸ್ತೀನಿ ಅನ್ನದ ಹೊರತು, ಒಪ್ಪಂದದ ವ್ಯಾಪ್ತಿಗೇ ಬರಲ್ಲ. ಮಿಲಿಟರಿ ತ್ಯಾಜ್ಯಕ್ಕೂ ಅದೇ ವಿನಾಯಿತಿ ಇದೆ. ಇಂಧನ ಸಂಸ್ಕರಿಸೋ ಫ್ರಾನ್ಸ್ ಇದರಲ್ಲಿದೆ. ಬಾಂಬ್ ಇಟ್ಟುಕೊಂಡ ಅಮೆರಿಕ, ರಷ್ಯಾ, ಚೀನಾ ಕೂಡ ಇವೆ. ಚೀನಾಕ್ಕೆ ಇಲ್ಲದ ಸಂಕೋಚ ನಮಗ್ಯಾಕೆ?

ಗುಟ್ಟು ಇಟ್ಟುಕೊಂಡರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 2012ರ ನವೆಂಬರಿನಲ್ಲಿ ಕೂಡಂಕುಳಂ ಮೊಕದ್ದಮೆ ನಡೆಯುವಾಗ, ಅಣುತ್ಯಾಜ್ಯ ಇಡೋ ಜಾಗವಾಗಿ ಕೋಲಾರದ ಚಿನ್ನದ ಗಣಿಯ ಹೆಸರು ಸುಪ್ರೀಂ ಕೋರ್ಟಿನಲ್ಲಿ ಬಂತು. 2001ರಲ್ಲಿ ಗಣಿ ಮುಚ್ಚಿ ಕೆಲಸ ಕಳಕೊಂಡಿದ್ದ ಕೆಜಿಎಫ್ ಜನರಿಗೆ ಇದು ಗೊತ್ತಾಗಿದ್ದು ಪೇಪರಿನಿಂದ. ಬೀದಿಗಿಳಿದರು, ಬಂದ್ ಆಯ್ತು, ರಾಜ್ಯ ಸರ್ಕಾರ ವಿರೋಧಿಸಿತು. ಕೊನೆಗೆ ಕೇಂದ್ರ 'ಅಂಥ ಯೋಜನೆಯೇ ಇಲ್ಲ' ಅಂತು. 1980ರ ದಶಕದಲ್ಲಿ ಅದೇ ಗಣಿಯ ಸುಮಾರು ಸಾವಿರ ಮೀಟರ್ ಆಳದಲ್ಲಿ ಅಣುಶಕ್ತಿ ಇಲಾಖೆಯ ವಿಜ್ಞಾನಿಗಳು, ತ್ಯಾಜ್ಯದ ಬಿಸಿಯನ್ನು ಬಂಡೆ ತಡೆದುಕೊಳ್ಳುತ್ತಾ ಅಂತ ಹೀಟರ್ ಇಟ್ಟು ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದರು. ಒಳ್ಳೆಯ ವಿಜ್ಞಾನವೇ. ಅದನ್ನು ಊರವರಿಗೆ ತಿಳಿಹೇಳಿದ್ದರೆ 2012ರಲ್ಲಿ ಅಷ್ಟು ದಿಗಿಲು ಹುಟ್ಟುತ್ತಿರಲಿಲ್ಲ.

ಫಿನ್‌ಲ್ಯಾಂಡ್ ನೋಡಿ. ಅಲ್ಲಿ ಯೂರಾಯೋಕಿ ಅನ್ನೋ ಊರಿನ ನೆಲದಡಿ, ನಾನೂರು ಮೀಟರಿಗೂ ಆಳದಲ್ಲಿ, ಉರಿದ ಇಂಧನ ಹೂಳೋಕೆ ಸುರಂಗ ಕೊರೆದಿದ್ದಾರೆ. ಅಲ್ಲಿನ ಕಾನೂನಿನಲ್ಲಿ ಊರಿನ ಪುರಸಭೆ ಬೇಡ ಅಂದ್ರೆ ಮುಗೀತು, ಸರ್ಕಾರವೂ ಮುಂದೆ ಹೋಗೋ ಹಾಗಿಲ್ಲ. 2000ದಲ್ಲಿ ಪುರಸಭೆ ಮತ ಹಾಕಿ ಒಪ್ಪಿತು, ಆಮೇಲೆ ಸಂಸತ್ತು. ನಮ್ಮ ಗ್ರಾಮ ಪಂಚಾಯ್ತಿಗೆ ಇಂಥ ಅಧಿಕಾರ ಬೇಕು ಅಂದ್ರೆ ನಗ್ತೀರಿ, ಗೊತ್ತು. ನಮ್ಮಲ್ಲಿ ಬೆಳಗಾವಿಯ ಕಸ ತುರಮುರಿಗೆ ಹೋಗುತ್ತೆ. ತುರಮುರಿಯವರು ವಾಸನೆ ತಡೀಲಾರದೆ ಗಾಡಿ ಅಡ್ಡಗಟ್ಟಿದ ದಿನ ಮಾತ್ರ ಸಿಟಿಯವರಿಗೆ ಆ ಊರಿನ ಹೆಸರು ನೆನಪಾಗುತ್ತೆ.

'ಹೊರಗಿನವರು ನಮ್ಮನ್ನ ಕೇಳೋದು ಅವಮಾನ' ಅನ್ನೋ ಗೆಳೆಯರಿಗೆ ಖಾನಾಪುರ ತಾಲೂಕಿನದೇ ಮಾತು ಹೇಳ್ತೀನಿ. ಕಣಕುಂಬಿಯಲ್ಲಿ ನಾವು ಕಾಲುವೆ ತೋಡಿದಾಗ ಗೋವಾ ಕೇಳಿತು. 2010ರಲ್ಲಿ ಮಹದಾಯಿ ನ್ಯಾಯಮಂಡಳಿ ಬಂತು, 2018ರ ಆಗಸ್ಟಿನಲ್ಲಿ ತೀರ್ಪು ಬಂತು. ಸಿಟ್ಟು ಬಂತು ನಿಜ, ಆದರೆ ಕಾಗದ ತೋರಿಸಬೇಕಾಯ್ತು, ಅಳತೆ ಕೊಡಬೇಕಾಯ್ತು. ಎಷ್ಟು ನೀರು ಎಲ್ಲಿಗೆ ಅನ್ನೋ ಲೆಕ್ಕ ನಮ್ಮ ರೈತರಿಗೇ ಗೊತ್ತಾಗಿದ್ದು ಪಕ್ಕದವರು ಪ್ರಶ್ನೆ ಕೇಳಿದ್ದರಿಂದ.

ಇನ್ನು ಬೆಳಗಾವಿಯ ಸ್ವಂತ ಲಾಭ. ಉದ್ಯಮಬಾಗ, ಮಚ್ಛೆಯ ಫೌಂಡ್ರಿಗಳು ಸ್ಕ್ರ್ಯಾಪ್ ಕರಗಿಸಿ ಅನ್ನ ತಿನ್ನೋವು. 2008ರಲ್ಲಿ ಫ್ರಾನ್ಸಿನ ಲಿಫ್ಟ್ ಬಟನ್ನುಗಳಲ್ಲಿ ಕೋಬಾಲ್ಟ್-60 ಸಿಕ್ಕಿತು. ಉಕ್ಕು ಹೋಗಿದ್ದು ಭಾರತದಿಂದ. ಸ್ಕ್ರ್ಯಾಪಿನಲ್ಲಿ ಎಲ್ಲೋ ವಿಕಿರಣದ ತುಣುಕು ಬೆರೆತಿತ್ತು. 2010ರಲ್ಲಿ ದಿಲ್ಲಿಯ ಮಾಯಾಪುರಿ ಗುಜರಿಯಲ್ಲಿ, ಹರಾಜಿಗೆ ಬಂದ ವಿಶ್ವವಿದ್ಯಾಲಯದ ಹಳೇ ಯಂತ್ರ ಬಿಚ್ಚಿ ಒಬ್ಬ ಸತ್ತ. ಸತ್ತವನು ವಿಜ್ಞಾನಿ ಅಲ್ಲ, ಗುಜರಿ ಕೆಲಸಗಾರ. ಬಳಸಿ ಬಿಟ್ಟ ಇಂಥ ವಿಕಿರಣ ಮೂಲಗಳ ಲೆಕ್ಕವೂ ಜಂಟಿ ಒಪ್ಪಂದದಲ್ಲಿ ಬರುತ್ತೆ. ಗ್ರಾಹಕ ಕೇಳಿದರೆ ನಮ್ಮ ಫೌಂಡ್ರಿಗಳು ಎಲ್ಲಾ ಸರ್ಟಿಫಿಕೇಟ್ ಕೊಡ್ತಾವೆ. ಕ್ಲೈಂಟ್ ಆಡಿಟ್ ಅಂದ್ರೆ ನಾವೂ ಶನಿವಾರ ಬಂದು ಡಾಕ್ಯುಮೆಂಟ್ ತಯಾರು ಮಾಡ್ತೀವಿ. ಡಾಲರ್ ಕೊಡೋರ ಮುಂದೆ ಕುಂದದ ಸ್ವಾಭಿಮಾನ, ಕಾಳಿ ನದಿ ದಂಡೆಯ ಜನರ ಸುರಕ್ಷತೆ ಅಂದಾಗ ಮಾತ್ರ ಯಾಕ್ರೀ ಕುಂದಬೇಕು?

ಕೈಗಾ ಮುಚ್ಚಿ ಅನ್ನೋ ಗೆಳೆಯರಿಗೂ ಒಂದು ಮಾತು. ನಾಳೆಯೇ ಮುಚ್ಚಿದರೂ ಇಲ್ಲಿವರೆಗೆ ಉರಿದದ್ದು ಇದ್ದೇ ಇರುತ್ತೆ. ಅದಕ್ಕೂ ಇದೇ ಲೆಕ್ಕ ಬೇಕು. ಕೈಗಾಗೆ ಹೊರಗಿನ ಕಣ್ಣು ಯಾಕೆ ಬೇಕು ಅನ್ನೋದು ಅದರ ಚರಿತ್ರೆಯಲ್ಲೇ ಇದೆ. 1994ರಲ್ಲಿ, ದಾಖಲೆ ಮಾಡಿದ ಇದೇ ಒಂದನೇ ಘಟಕ ಕಟ್ಟುವಾಗ, ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಆಗ ವಿನ್ಯಾಸ ತಿದ್ದಿ ಮತ್ತೆ ಕಟ್ಟಿದರು. 2009ರಲ್ಲಿ ಕುಡಿಯೋ ನೀರಿನ ಕೂಲರ್‌ನಲ್ಲಿ ಟ್ರಿಟಿಯಂ ಸೇರಿ ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೂತ್ರದಲ್ಲಿ ಅದು ಕಂಡಿತು. ಒಳಗಿನವರೇ ಯಾರೋ ಬೇಕಂತಲೇ ಬೆರೆಸಿದ್ದು ಅಂತ ಅಧಿಕಾರಿಗಳೇ ಹೇಳಿದರು. ಎರಡನ್ನೂ ನಿಭಾಯಿಸಿದರು ಸರಿ. ಇನ್ನು 700 ಮೆಗಾವ್ಯಾಟಿನ ಐದನೇ, ಆರನೇ ಘಟಕ ಬರಬೇಕು. 2018ರ ಡಿಸೆಂಬರಿನಲ್ಲಿ ಮಲ್ಲಾಪುರದಲ್ಲಿ ಅದರ ಅಹವಾಲು ಸಭೆ ಆಯ್ತು. ಬೂದಿ ಇನ್ನೂ ಹೆಚ್ಚಾಗುತ್ತೆ ಅಂತಾಯ್ತು.

ಕೇಳಬೇಕಾದ್ದು ಮೂರೇ. ಭಾರತ ಜಂಟಿ ಒಪ್ಪಂದಕ್ಕೆ ಸೇರಬೇಕು. ಕೈಗಾದ ತೊಟ್ಟಿಗಳಲ್ಲಿ, ಕಂದಕಗಳಲ್ಲಿ ಎಷ್ಟಿದೆ ಅನ್ನೋ ಲೆಕ್ಕ ಪ್ರತಿ ವರ್ಷ ಕನ್ನಡದಲ್ಲಿ ಬರಬೇಕು. ಪರಿಸರ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಅಂತ ಕಾನೂನೇ ಇರುವಾಗ ಇದೇನು ಆಗದ ಕೆಲಸ ಅಲ್ಲ. ವಿಯೆನ್ನಾದಲ್ಲಿ ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರ ಮಲ್ಲಾಪುರದವರಿಗೂ ಓದೋಕೆ ಸಿಗಬೇಕು. ಲೋಕಸಭೆ ಚುನಾವಣೆ ಬಂದೇ ಬರುತ್ತೆ. ಬೆಳಗಾವಿಯಲ್ಲೂ ಉತ್ತರ ಕನ್ನಡದಲ್ಲೂ ಮತ ಕೇಳೋಕೆ ಮನೆಗೆ ಬರ್ತಾರೆ. ಖಾನಾಪುರ ವಿಧಾನಸಭಾ ಕ್ಷೇತ್ರ ಉತ್ತರ ಕನ್ನಡ ಲೋಕಸಭೆಗೇ ಸೇರಿದೆ, ಕೈಗಾ ಇರೋದೂ ಅದೇ ಕ್ಷೇತ್ರದಲ್ಲಿ. 962ರ ಫೋಟೋ ಫಾರ್ವರ್ಡ್ ಮಾಡಿದವರೆಲ್ಲ, ಚಹಾ ಕೊಟ್ಟು ಕೂರಿಸಿ, ಈ ಮೂರನ್ನು ಕೇಳಿ.