ಮಾಲ್‌ಗೂ ಮನೆಗೂ ಒಂದೇ ತೆರಿಗೆ



ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ಶಾಲೆಗಳಿಗಾಗಿ ಊರಿನ ಮತದಾರರೇ ಒಪ್ಪಿ ಹಾಕಿಕೊಳ್ಳುವ ಆಸ್ತಿ ತೆರಿಗೆಗೆ ‘ಪಾರ್ಸೆಲ್ ಟ್ಯಾಕ್ಸ್’ ಎಂದು ಹೆಸರು. ಇಲ್ಲಿ ಪಾರ್ಸೆಲ್ ಎಂದರೆ ಹೋಟೆಲಿನಿಂದ ಕಟ್ಟಿಸಿಕೊಂಡು ಬರುವುದಲ್ಲ, ಕಂದಾಯ ದಾಖಲೆಯಲ್ಲಿ ತನ್ನದೇ ಸಂಖ್ಯೆ ಇರುವ ಸ್ವತ್ತು. ಸಾಮಾನ್ಯವಾಗಿ ಕೆಲವು ವರ್ಷಗಳಲ್ಲಿ ಇದರ ಅವಧಿ ತೀರುತ್ತದೆ. ಮುಂದುವರಿಸಲು ಮತ್ತೆ ಮತದಾನವಾಗಬೇಕು.

ಇದರ ಬೇರು, 1978ರಲ್ಲಿ ರಾಜ್ಯದ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಎಂಬ ಕಾನೂನಿನಲ್ಲಿದೆ. ಅದು ಆಸ್ತಿ ತೆರಿಗೆಯನ್ನು ನಿಗದಿತ ಮೌಲ್ಯದ ಶೇ 1ಕ್ಕೆ ಕಟ್ಟಿಹಾಕಿತು. ಸ್ವತ್ತು ಕೈಬದಲಾಗುವ ತನಕ ಆ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಮೌಲ್ಯದ ಮೇಲೆ ಕೈಯಿಡಲಾಗದ, ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆಗಳು, ಸ್ವತ್ತು ಒಂದಕ್ಕೆ ಇಂತಿಷ್ಟು ಡಾಲರ್ ಎಂಬ ದಾರಿ ಹಿಡಿದವು. ಆಕ್ಷೇಪಕ್ಕೆ ಎಡೆಯಾಗುವುದು ಇಲ್ಲಿಯೇ. ಎರಡು ಕೋಣೆಯ ಫ್ಲ್ಯಾಟಿನ ತೆರಿಗೆ ಬಿಲ್ಲಿನ ತಳದಲ್ಲಿ, ಸೊಳ್ಳೆ ನಿಯಂತ್ರಣದ ಶುಲ್ಕದ ಆಸುಪಾಸಿನಲ್ಲಿ ಕಾಣುವ ಮೊತ್ತವೇ, ಎಕರೆಗಟ್ಟಲೆ ಹರಡಿದ ಮಾಲಿನ ಬಿಲ್ಲಿನಲ್ಲೂ ಇರುತ್ತದೆ. ಹೊಸದಾಗಿ ಮನೆ ಕೊಂಡವರಿಗೆ, ನಲವತ್ತು ವರ್ಷದ ಹಿಂದೆ ಕೊಂಡ ಪಕ್ಕದ ಮನೆಯವರಷ್ಟೇ ಕಟ್ಟುವ ಸಮಾಧಾನ ಸಿಗುವುದೂ ಇಂಥ ಸಾಲುಗಳಲ್ಲಿ ಮಾತ್ರ ಎಂಬುದು ಬೇರೆ ಮಾತು. ಸಮ ದರವೆಂದರೆ ಸಮ ಮೊತ್ತವೇ ಆಗಬೇಕಿಲ್ಲ. 1986ರಿಂದ ಮತ್ತೆ ಮತ್ತೆ ನವೀಕರಣಗೊಂಡಿರುವ ಬರ್ಕ್ಲಿ ನಗರದ ಶಾಲಾ ತೆರಿಗೆಯನ್ನು ಕಟ್ಟಡದ ಚದರಡಿ ಲೆಕ್ಕದಲ್ಲಿ ವಸೂಲಿ ಮಾಡಲಾಗುತ್ತದೆ. ದೊಡ್ಡ ಅಂಗಡಿ ದೊಡ್ಡದಾಗಿಯೇ ಕೊಡುತ್ತದೆ.

ಎರಡನೆಯ ತೊಡಕು ಬಹುಮತದ್ದು. ಶಾಲಾ ಜಿಲ್ಲೆ ಮುಂದಿಡುವ ಈ ತೆರಿಗೆಗೆ ಮೂರನೇ ಎರಡರಷ್ಟು ಮತ ಬೇಕು. ನೂರರಲ್ಲಿ 66 ಜನ ಹೂಂ ಎಂದರೂ 34 ಜನರ ಉಹೂಂ ಗೆಲ್ಲುತ್ತದೆ. ಶಾಲಾ ಕಟ್ಟಡದ ಬಾಂಡುಗಳಿಗಾದರೆ 2000ನೇ ಇಸವಿಯ ಪ್ರೊಪೊಸಿಷನ್ 39ರ ಪ್ರಕಾರ ಶೇ 55 ಸಾಕು. ಗೋಡೆಗೆ ಒಂದು ಅಳತೆ, ಗೋಡೆಯೊಳಗೆ ಪಾಠ ಹೇಳುವವರ ಸಂಬಳಕ್ಕೆ ಇನ್ನೊಂದು!

ಮತಪೆಟ್ಟಿಗೆಯ ಬಳಿ ಯಾರಿರುತ್ತಾರೆ ಎಂಬುದನ್ನೂ ನೋಡಬೇಕು. ಎಷ್ಟೋ ಕಡೆ 65 ದಾಟಿದ ಮನೆಯೊಡೆಯರು ಅರ್ಜಿ ಕೊಟ್ಟು ತೆರಿಗೆಯಿಂದ ವಿನಾಯಿತಿ ಪಡೆಯಬಹುದು. ಮತದ ಹಕ್ಕು ಹಾಗೆಯೇ ಉಳಿಯುತ್ತದೆ. ಫ್ರೀಮಾಂಟ್, ಕ್ಯುಪರ್ಟಿನೊ ನಗರಗಳಲ್ಲಿ ಎಚ್-1ಬಿ ವೀಸಾದ ಮೇಲಿದ್ದು, ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುತ್ತಾ ಮನೆ ಕೊಂಡಿರುವ ಕನ್ನಡಿಗರ ಪಾಡು ಇದರ ತಿರುಗುಮುರುಗು: ಮಕ್ಕಳು ಅದೇ ಶಾಲೆಯಲ್ಲಿ, ತೆರಿಗೆಯೂ ಪೂರ್ತಿ, ಮತ ಮಾತ್ರ ಇಲ್ಲ. ಮಕ್ಕಳ ಓದು ಮುಗಿಯಿತೆಂದು ಬೇಡವೆನ್ನುವ ಪ್ರಜೆಯ ಒಂದು ಮತ ಇಬ್ಬರ ಹೂಂಗುಟ್ಟುವಿಕೆಗೆ ಸಮನಾಗುವ ಕಡೆ ಈ ಕೊರತೆ ಸಣ್ಣದಲ್ಲ.

ಇನ್ನು ಮತದಾನದ ವೇಳೆ. ಮುಂದಿನ ವರ್ಷ ಕೆಲಸವಿರದಿರಬಹುದೆಂಬ ನೋಟಿಸನ್ನು ಶಿಕ್ಷಕರಿಗೆ ಮಾರ್ಚ್ 15ರೊಳಗೆ ಕೊಡಬೇಕೆಂದು ರಾಜ್ಯದ ಕಾನೂನಿದೆ. ಅವರ ಸಂಬಳಕ್ಕೆ ಒದಗುವ, ಜೂನ್ 30ಕ್ಕೆ ಮುಗಿಯುವ ತೆರಿಗೆಯನ್ನು ಮೇ ತಿಂಗಳಲ್ಲಿ ಮತಕ್ಕೆ ಹಾಕಿದರೆ, ಫಲಿತಾಂಶಕ್ಕೆ ಮೊದಲೇ ಆ ಕಾಗದ ಶಿಕ್ಷಕರ ಕೈಸೇರಿರುತ್ತದೆ. ಹಿಂದಿನ ನವೆಂಬರಿನಲ್ಲೇ ಮತದಾನ ಮುಗಿಸಿ ತೆರಿಗೆ ಉಳಿದುಕೊಂಡರೆ, ಅದರ ಹೆಸರಿನಲ್ಲಿ ಯಾರಿಗೂ ನೋಟಿಸು ಕೊಡಬೇಕಾಗುವುದಿಲ್ಲ.